ಚರ್ಚ್ ನೋಡಲು ಇಪ್ಪತ್ತು ನಿಮಿಷ ಸಾಲದು

ಡಿಸೆಂಬರ್ ಬಂತೆಂದರೆ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಶಾಲೆಗಳಲ್ಲಿ ಪ್ರವಾಸದ ಸಡಗರ. ಹೊರಕೆರೆದೇವಪುರದಂಥ ಊರಿನಿಂದ ನಸುಕಿಗೇ ಹೊರಟ ಬಸ್ಸು ದಾರಿಯಲ್ಲಿ ಶ್ರವಣಬೆಳಗೊಳವನ್ನೋ ಶ್ರೀರಂಗಪಟ್ಟಣವನ್ನೋ ಮುಗಿಸಿಕೊಂಡು ಮೈಸೂರು ಸೇರುತ್ತದೆ. ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಬೃಂದಾವನದ ಕಾರಂಜಿ. ಇವುಗಳ ಸಂದಿಯಲ್ಲಿ ಸಂತ ಫಿಲೋಮಿನಾ ಚರ್ಚಿಗೂ ಒಂದಿಷ್ಟು ಹೊತ್ತು. ಮೇಷ್ಟ್ರು ವಾಚು ನೋಡಿಕೊಂಡು ಇಪ್ಪತ್ತು ನಿಮಿಷ ಎನ್ನುತ್ತಾರೆ. ಮಕ್ಕಳು ಎರಡು ಗೋಪುರ ಹಿಂದೆ ಕಾಣುವ ಹಾಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸಾಲಾಗಿ ನೆಲಮಾಳಿಗೆಗೆ ಇಳಿಯುತ್ತಾರೆ, ಇನ್ನೊಂದು ಕಡೆಯಿಂದ ಮೇಲೆ ಬಂದು ಬಸ್ಸು ಹತ್ತುತ್ತಾರೆ.

ಅಷ್ಟರಲ್ಲಿ ಅವರು ಏನು ನೋಡಿದರು? ದೊಡ್ಡದೊಂದು ಕಟ್ಟಡ ನೋಡಿದರು. ಅದು ಪರದೇಶದ್ದು, ಇಂಗ್ಲಿಷರು ಕಟ್ಟಿ ಬಿಟ್ಟುಹೋದದ್ದು ಎಂಬ ತಪ್ಪು ಕಲ್ಪನೆಯನ್ನು ಮನೆಗೆ ಕೊಂಡುಹೋದರು. ಬೇಲೂರಿನಲ್ಲಿ ಒಂದೊಂದು ಮದನಿಕೆಯ ಮುಂದೆಯೂ ನಿಲ್ಲಿಸಿ ವಿವರಿಸುವ ಮೇಷ್ಟ್ರಿಗೆ ಚರ್ಚಿನಲ್ಲಿ ಹೇಳಲು ಮಾತೇ ಇರುವುದಿಲ್ಲ. ಇದರಲ್ಲಿ ಮೇಷ್ಟ್ರ ತಪ್ಪೇನೂ ಇಲ್ಲ. ಅವರ ಕೈಗೆ ಯಾರೂ ಏನನ್ನೂ ಕೊಟ್ಟಿಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿ ಹೊಯ್ಸಳ ಶೈಲಿ, ದ್ರಾವಿಡ ಶೈಲಿ, ಇಂಡೋ ಸಾರ್ಸೆನಿಕ್ ಶೈಲಿಗಳಿಗೆ ಪುಟಗಳಿವೆ. ಈ ನೆಲದ ಕಲ್ಲು, ಗಾರೆ, ಕೂಲಿ, ರಾಜಾಶ್ರಯ ಎಲ್ಲವೂ ಸೇರಿ ಎದ್ದು ನಿಂತ ಚರ್ಚುಗಳಿಗೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಕರ್ನಾಟಕದ ಹಳೆಯ ಚರ್ಚುಗಳು ಕರ್ನಾಟಕದ ಪರಂಪರೆ. ಅವುಗಳನ್ನು ಹಾಗೆಂದೇ ನೋಡಬೇಕು, ಮಕ್ಕಳಿಗೆ ಹಾಗೆಂದೇ ತೋರಿಸಬೇಕು.

ಮೈಸೂರಿನದನ್ನೇ ತೆಗೆದುಕೊಳ್ಳಿ. ಈಗಿನ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1933ರ ಅಕ್ಟೋಬರ್ 28ರಂದು. ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದಕ್ಕೂ ಮೊದಲು ಅದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿ ಕಟ್ಟಿಸಿಕೊಟ್ಟ ಚರ್ಚಿತ್ತು. ಆಗಿನ ಶಾಸನ ಉಳಿದಿದೆ. ಲೋಕಗಳನ್ನು ಸೃಷ್ಟಿಸಿ ಕಾಯುವ ಒಬ್ಬನೇ ದೇವರ ಹೆಸರಿನಲ್ಲಿ ಕ್ರಿಸ್ತನ ಅವತಾರವಾದ ಇಷ್ಟು ವರ್ಷಗಳಿಗೆ ಈ ಚರ್ಚು ಕಟ್ಟಲಾಯಿತು ಎಂಬುದು ಅದರ ತಾತ್ಪರ್ಯ. ಓದಿದರೆ ದೇವಸ್ಥಾನದ ಗೋಡೆಯ ಮೇಲಿನ ಒಕ್ಕಣೆಯೇ ನೆನಪಾಗುತ್ತದೆ. ರಾಜ ತನಗೆ ಗೊತ್ತಿದ್ದ ಭಾಷೆಯಲ್ಲಿ, ತನ್ನ ಮನೆತನದ ಅಭ್ಯಾಸದಂತೆ, ತನ್ನ ಪ್ರಜೆಗಳ ಇನ್ನೊಂದು ದೇವರಿಗೆ ಮನೆ ಕಟ್ಟಿಸಿದ್ದ.

ಹಿರಿಯೂರಿನ ಮಕ್ಕಳಿಗೆ ಈ ರಾಜಮನೆತನ ದೂರದ್ದಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರಕ್ಕೆ ಹೆಸರು ಬಂದದ್ದು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದಿಂದ. ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಇಟ್ಟ ನಾಲ್ವಡಿಯವರು ಆಕೆಯ ಮಗ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದಾಗ ರೀಜೆಂಟ್ ಆಗಿದ್ದ ಆಕೆಯೇ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಹೊಸ ಅರಮನೆಯ ಕೆಲಸ ವಹಿಸಿದ್ದು. ಮುಂದಿನ ವರ್ಷವೇ ಮಾರಿಕಣಿವೆಯ ಕೆಲಸ ಶುರುವಾಯಿತು, 1907ಕ್ಕೆ ಮುಗಿಯಿತು. ಆ ಅಣೆಕಟ್ಟಿನ ಎರಡೂ ತುದಿಗೆ ನಮ್ಮ ಶೈಲಿಯ ಮಂಟಪಗಳಿವೆ. ಆಧುನಿಕ ಇಂಜಿನಿಯರಿಂಗ್ ಕಟ್ಟೆಯ ಮೇಲೆ ದೇಸಿ ಮಂಟಪ ನಿಲ್ಲಿಸಲು ಹಿಂಜರಿಯದ ಆಡಳಿತವೇ ಮುಂದೆ ಮೈಸೂರಿನ ನಡುವೆ ಗಾಥಿಕ್ ಗೋಪುರಗಳನ್ನು ಎಬ್ಬಿಸಲೂ ಹಿಂಜರಿಯಲಿಲ್ಲ.

ಚರ್ಚಿನ ಅಂಗಳಕ್ಕೆ ಕಾಲಿಟ್ಟವರಿಗೆ ಗೈಡುಗಳು ಹೇಳುವ ಮೊದಲ ಮಾತು, ಇದು ಜರ್ಮನಿಯ ಕೊಲೋನ್ ಕ್ಯಾಥೆಡ್ರಲ್‌ನ ಮಾದರಿ ಎಂದು. ಮಾತು ನಿಜ. ನಕ್ಷೆ ಮಾಡಿದವರು ಡ್ಯಾಲಿ ಎಂಬ ಫ್ರೆಂಚರು, ಅವಳಿ ಗೋಪುರಗಳ ಎತ್ತರ 175 ಅಡಿ. ಕೊಲೋನಿನವು 157 ಮೀಟರ್, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು. ಆದರೆ ಅಲ್ಲಿಗೇ ಮಾತು ನಿಲ್ಲಿಸಬಾರದು. 1248ರಲ್ಲಿ ಕೊಲೋನಿನಲ್ಲಿ ಕೆಲಸ ಆರಂಭಿಸಿದವರು ಮಾದರಿಯಾಗಿ ಕಣ್ಣಿಟ್ಟದ್ದು ಫ್ರಾನ್ಸಿನ ಆಮಿಯೆನ್ ಕ್ಯಾಥೆಡ್ರಲ್ ಮೇಲೆ. ಗಾಥಿಕ್ ಶೈಲಿ ಮೊದಲು ಕಣ್ಣುಬಿಟ್ಟದ್ದು ಪ್ಯಾರಿಸ್ ಪಕ್ಕದ ಸೇಂಟ್ ಡೆನಿ ಮಠದ ಚರ್ಚಿನಲ್ಲಿ, 1140ರ ದಶಕದಲ್ಲಿ. ಇನ್ನು ಆ ಶೈಲಿಯ ಮೊದಲ ಗುರುತಾದ ಚೂಪು ಕಮಾನು? ಅದು ಕೈರೋದ ಇಬ್ನ್ ತುಲೂನ್ ಮಸೀದಿಯಲ್ಲಿ 9ನೇ ಶತಮಾನದಲ್ಲೇ ಸಾಲುಸಾಲಾಗಿ ನಿಂತಿತ್ತು. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಟ್ಟಿದ ಕ್ರಿಸ್ಟೋಫರ್ ರೆನ್, ಗಾಥಿಕ್ ಶೈಲಿಯ ಮೂಲ ಅರಬರಲ್ಲಿದೆ, ಅದನ್ನು ಸಾರಸೆನ್ ಶೈಲಿ ಎಂದೇ ಕರೆಯಬೇಕು ಎಂದು ವಾದಿಸಿದ್ದ.

ಚೂಪು ಕಮಾನನ್ನು ಸೊಗಸಿಗೆಂದು ಮಾತ್ರ ಮಾಡಿದ್ದಲ್ಲ. ಅರ್ಧವೃತ್ತದ ಕಮಾನಿನ ಎತ್ತರ ಅದರ ಅಗಲದ ಅರ್ಧಕ್ಕೆ ಕಟ್ಟುಬಿದ್ದಿರುತ್ತದೆ. ಚೂಪು ಕಮಾನನ್ನು ಅಗಲ ಎಷ್ಟೇ ಇರಲಿ, ಬೇಕಾದಷ್ಟು ಎತ್ತರಿಸಬಹುದು. ಮೇಲಿನ ಭಾರ ಪಕ್ಕಕ್ಕೆ ತಳ್ಳುವುದು ಕಡಿಮೆಯಾಗಿ ನೇರ ಕೆಳಗಿಳಿಯುತ್ತದೆ. ಗೋಡೆ ತೆಳುವಾದರೂ ನಡೆಯುತ್ತದೆ. ಗೋಡೆ ತೆಳುವಾದರೆ ಕಿಟಕಿ ದೊಡ್ಡದಾಗುತ್ತದೆ. ಕಿಟಕಿ ದೊಡ್ಡದಾದರೆ ಬಣ್ಣದ ಗಾಜಿಗೆ ಜಾಗ. ಫಿಲೋಮಿನಾ ಚರ್ಚಿನ ಒಳಗೆ ನಿಂತು ತಲೆಯೆತ್ತಿದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಕಂಬದಿಂದ ಕವಲೊಡೆದು ಮೇಲೇರುವ ಪಕ್ಕೆಲುಬುಗಳು, ಅವುಗಳ ನಡುವಿನ ಹಗುರ ಮಾಡು, ಎತ್ತರದಲ್ಲಿ ಗಾಜಿನ ಕಿಟಕಿಗಳು. ಕ್ರಿಸ್ತನ ಜನನ, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ, ಸ್ವರ್ಗಾರೋಹಣ ಅಲ್ಲಿ ಬಣ್ಣಗಳಲ್ಲಿವೆ. ಹತ್ತಿರದಿಂದ ನೋಡಿದರೆ ಒಂದೊಂದು ಗಾಜಿನ ತುಣುಕಿನ ಸುತ್ತಲೂ ಸೀಸದ ಸಣ್ಣ ಪಟ್ಟಿ ಓಡಿರುವುದು ಕಾಣುತ್ತದೆ. ದೂರದಿಂದ ಆ ಪಟ್ಟಿಯೇ ಚಿತ್ರದ ರೇಖೆ. ಹತ್ತನೇ ತರಗತಿಯ ವಿಜ್ಞಾನದ ಮೇಷ್ಟ್ರು ಇಲ್ಲಿ ಬಲದ ಪಾಠ ಮಾಡಬಹುದು, ಚರಿತ್ರೆಯ ಮೇಷ್ಟ್ರು ಕೈರೋದಿಂದ ಪ್ಯಾರಿಸ್ಸಿಗೆ, ಪ್ಯಾರಿಸ್ಸಿನಿಂದ ಮೈಸೂರಿಗೆ ದಾರಿ ತೋರಿಸಬಹುದು. ಇಪ್ಪತ್ತು ನಿಮಿಷದಲ್ಲಿ ಎರಡೂ ಆಗುವ ಕೆಲಸವಲ್ಲ.

ಅಷ್ಟಕ್ಕೂ ಕಮಾನು ಕನ್ನಡಿಗರಿಗೆ ಹೊಸದಲ್ಲ. ಹಂಪಿಯ ಕಮಲ ಮಹಲಿನಲ್ಲಿ ಕೆಳಗೆ ಸುಲ್ತಾನರ ಶೈಲಿಯ ಕಮಾನು, ಮೇಲೆ ದೇಗುಲದ ಶಿಖರ. ಪಕ್ಕದ ಆನೆ ಲಾಯದ ಗುಮ್ಮಟಗಳ ಸಾಲನ್ನು ನೋಡಿದ ಯಾರೂ ಇದು ವಿಜಯನಗರದ್ದಲ್ಲ ಎನ್ನುವುದಿಲ್ಲ. ಹಂಪಿಗೆ ಸಲ್ಲುವ ಈ ಉದಾರ ನೋಟ ಚರ್ಚಿನ ಬಾಗಿಲಲ್ಲಿ ಮಾತ್ರ ಯಾಕೆ ತಡವರಿಸಬೇಕು?

ನೆಲಮಾಳಿಗೆಯಲ್ಲಿ ಒರಗಿ ಮಲಗಿದ ಸಂತ ಫಿಲೋಮಿನಾಳ ಮೂರ್ತಿಯಿದೆ. ಮಕ್ಕಳು ಗಾಜಿನಾಚೆ ಇಣುಕಿ ಮುಂದೆ ಸಾಗುತ್ತಾರೆ. ಆಕೆಯ ಕಥೆ ಕೇಳಿದರೆ ಯಾವ ಮಗುವೂ ಅಷ್ಟು ಬೇಗ ಕದಲುವುದಿಲ್ಲ. 1802ರಲ್ಲಿ ರೋಮಿನ ಪ್ರಿಸಿಲ್ಲಾ ಭೂಗತ ಸ್ಮಶಾನದಲ್ಲಿ ಒಂದು ಸಮಾಧಿ ತೆರೆದರು. ಅದರ ಬಾಯಿ ಮುಚ್ಚಿದ್ದು ಮೂರು ಸುಟ್ಟ ಮಣ್ಣಿನ ಹಂಚುಗಳು. ಮೇಲಿನ ಅಕ್ಷರಗಳನ್ನು ಇದ್ದ ಹಾಗೆ ಓದಿದರೆ ಅರ್ಥವಾಗುತ್ತಿರಲಿಲ್ಲ. ಮೊದಲ ಹಂಚನ್ನು ಕೊನೆಗಿಟ್ಟು ಓದಿದಾಗ, ಫಿಲೋಮಿನಾ, ನಿನಗೆ ಶಾಂತಿ ಇರಲಿ ಎಂಬ ಹಾರೈಕೆ ಕಂಡಿತು. ಒಳಗಿದ್ದದ್ದು ಎಳೆಯ ಹುಡುಗಿಯೊಬ್ಬಳ ಎಲುಬು. ಬದುಕಿನ ಬಗ್ಗೆ ಬೇರೊಂದು ದಾಖಲೆಯೂ ಇಲ್ಲದ ಆ ಹುಡುಗಿಯ ಮೇಲಿನ ಭಕ್ತಿ 19ನೇ ಶತಮಾನದಲ್ಲಿ ಯೂರೋಪಿನಲ್ಲೆಲ್ಲ ಹಬ್ಬಿತು. ಮೈಸೂರು ಅರಮನೆಯಲ್ಲಿ ಅಧಿಕಾರಿಯಾಗಿದ್ದ ತಂಬುಚೆಟ್ಟಿಯವರ ಮೂಲಕ 1926ರಲ್ಲಿ ಆಕೆಯ ಅವಶೇಷದ ತುಣುಕು ಮೈಸೂರಿಗೂ ಬಂತು. 1961ರಲ್ಲಿ ವ್ಯಾಟಿಕನ್ ಹಬ್ಬಗಳ ಪಟ್ಟಿಗಳಿಂದ ಆಕೆಯ ಹೆಸರನ್ನು ತೆಗೆಸಿತು. ಮೈಸೂರಿನ ಭಕ್ತರು ತೆಗೆಯಲಿಲ್ಲ. ಅಲ್ಲಿ ಹರಕೆ ಹೊತ್ತು ಮೇಣದಬತ್ತಿ ಹಚ್ಚುವವರಲ್ಲಿ ಕುಂಕುಮ ಇಟ್ಟ ಹೆಂಗಸರೂ ಇರುತ್ತಾರೆ.

ಗಾಜು, ಹಂಚಿನ ತುಣುಕು ಜೋಡಿಸುವ ಕಲೆ ನೋಡಲು ಮೈಸೂರಿನಲ್ಲಿ ಅರಮನೆಗೂ ಹೋಗಬೇಕು. ಕಲ್ಯಾಣಮಂಟಪದ ನೆಲದ ಮೇಲೆ ಇಂಗ್ಲೆಂಡಿನಿಂದ ಬಂದ ಹೊಳಪಿನ ಹಂಚುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ಇದೆ. ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ. ಅದನ್ನು ಹೊತ್ತ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಎರಕದ ಕಾರ್ಖಾನೆಯವು. ಗಾಜಿನ ಚಿತ್ತಾರಕ್ಕೆ ನಕ್ಷೆ ಬರೆದವರು ಮಾತ್ರ ಮೈಸೂರಿನ ಕಲಾವಿದರು. ಗ್ಲಾಸ್ಗೋದ ಕಬ್ಬಿಣ, ಇಂಗ್ಲೆಂಡಿನ ಹಂಚು, ಮೈಸೂರಿನ ನವಿಲು ಒಟ್ಟಾದ ಈ ಮಂಟಪವನ್ನು ನಮ್ಮದು ಎಂದು ಹೆಮ್ಮೆಯಿಂದ ತೋರಿಸುತ್ತೇವೆ. ಹಾಗೆ ತೋರಿಸುವುದು ಸರಿ. ಅದೇ ಊರಿನಲ್ಲಿ, ಅದೇ ಮನೆತನದ ನೆರವಿನಿಂದ ಎದ್ದ ಚರ್ಚಿಗೂ ಅದೇ ಮಾತು ಸಲ್ಲಬೇಕು.

ಮೊಸಾಯಿಕ್ ಮತ್ತು ಬೆರಕೆ ಶೈಲಿಯ ಚರ್ಚು ಎಂದಾಗ ಜಗತ್ತು ನೆನೆಯುವ ಊರು ಬೇರೆ. ಇಟಲಿಯ ಕೆಳತುದಿಯಾಚೆ ಸಿಸಿಲಿ ದ್ವೀಪದ ಪಲೆರ್ಮೊ. ಅದರ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಲೇಬೇಕು. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ತಲೆಮಾರಿನಲ್ಲೇ, 1130ರ ಕ್ರಿಸ್‌ಮಸ್ ದಿನ ಅಲ್ಲಿ ಎರಡನೇ ರೋಜರ್ ಪಟ್ಟಕ್ಕೆ ಬಂದ. ಅವನು ನಾರ್ಮನ್ ಕುಲದವನು, ಉತ್ತರ ಫ್ರಾನ್ಸಿನಿಂದ ಬಂದ ಯೋಧರ ಮನೆತನ. ಅವನ ಪ್ರಜೆಗಳಲ್ಲಿ ಅರಬ್ಬಿ ಆಡುವ ಮುಸ್ಲಿಮರಿದ್ದರು, ಗ್ರೀಕ್ ಆಡುವ ಕ್ರೈಸ್ತರಿದ್ದರು, ಲ್ಯಾಟಿನ್ ಪ್ರಾರ್ಥನೆಯವರಿದ್ದರು, ಯಹೂದಿಗಳಿದ್ದರು. ಅರಮನೆಯಲ್ಲಿ 1142ರಲ್ಲಿ ಇಟ್ಟ ನೀರಿನ ಗಡಿಯಾರದ ಶಾಸನ ಲ್ಯಾಟಿನ್, ಗ್ರೀಕ್, ಅರಬ್ಬಿ ಮೂರರಲ್ಲೂ ಇದೆ. ಭೂಗೋಳಜ್ಞ ಅಲ್ ಇದ್ರೀಸಿ ತನ್ನ ಹೆಸರಾಂತ ಗ್ರಂಥವನ್ನು 1154ರಲ್ಲಿ ಮುಗಿಸಿದ್ದು ಈ ಅರಸನ ಆಸ್ಥಾನದಲ್ಲೇ.

ರೋಜರ್ ಅರಮನೆಯೊಳಗೆ ಒಂದು ಚರ್ಚು ಕಟ್ಟಿಸಿದ, ಪಲಟೈನ್ ಚಾಪೆಲ್. ಅದರ ಉದ್ದನೆಯ ಪಡಸಾಲೆ ರೋಮನ್ ಬೆಸಿಲಿಕಾದ್ದು. ಗುಮ್ಮಟ ಮತ್ತು ಗೋಡೆಗಳ ತುಂಬ ಚಿನ್ನದ ಹಿನ್ನೆಲೆಯ ಮೊಸಾಯಿಕ್, ಕಾನ್‌ಸ್ಟಾಂಟಿನೋಪಲ್‌ನ ಬಿಜಾಂಟಿಯನ್ ಸಂಪ್ರದಾಯದ್ದು. ನೆಲದಲ್ಲಿ ಬಣ್ಣಬಣ್ಣದ ಕಲ್ಲು ಕೊರೆದು ಕೂಡಿಸಿದ ವಿನ್ಯಾಸ. ತಲೆಯ ಮೇಲೆ ಜೇನುಗೂಡಿನಂತೆ ಗೂಡುಗೂಡಾಗಿ ಇಳಿಬಿದ್ದ ಮರದ ಚಾವಣಿ, ಅರಬ್ ಕುಶಲಕರ್ಮಿಗಳ ಮುಖರ್ನಸ್ ಕೆಲಸ. ಆ ಚಾವಣಿಯ ಸಣ್ಣಸಣ್ಣ ಗೂಡುಗಳಲ್ಲಿ ಸಂಗೀತಗಾರರು, ಕುಣಿಯುವವರು, ಪ್ರಾಣಿಗಳು, ಸುತ್ತಲೂ ಅರಸನಿಗೆ ಶುಭ ಕೋರುವ ಕೂಫಿ ಲಿಪಿ. ಕ್ರಿಸ್ತನ ನೆತ್ತಿಯ ಮೇಲೆ ಅರಬ್ಬಿ ಅಕ್ಷರ! ಗುಮ್ಮಟದಲ್ಲಿ 1143ರ ಗ್ರೀಕ್ ಬರಹ. ಅದೇ ಊರಿನಲ್ಲಿ ಮಾರ್ತೊರಾನಾ ಎಂಬ ಇನ್ನೊಂದು ಚರ್ಚು. ಅದನ್ನು ಕಟ್ಟಿಸಿದ್ದು ರೋಜರನ ನೌಕಾಪತಿ, ಅಂತಿಯೋಕಿನ ಜಾರ್ಜ್. ಅಲ್ಲಿಯ ಮೊಸಾಯಿಕ್‌ನಲ್ಲಿ ಕ್ರಿಸ್ತನೇ ರೋಜರನಿಗೆ ಕಿರೀಟ ತೊಡಿಸುತ್ತಿದ್ದಾನೆ. 1184ರಲ್ಲಿ ಅಲ್ಲಿಗೆ ಬಂದ ಮುಸ್ಲಿಂ ಯಾತ್ರಿಕ ಇಬ್ನ್ ಜುಬೈರ್, ತನ್ನ ಧರ್ಮದ್ದಲ್ಲದಿದ್ದರೂ ಆ ಚರ್ಚಿನ ಚೆಲುವಿಗೆ ಮರುಳಾಗಿ ಹೊಗಳಿ ಬರೆದಿಟ್ಟ. 2015ರಲ್ಲಿ ಯುನೆಸ್ಕೊ ಈ ಅರಬ್-ನಾರ್ಮನ್ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದಕ್ಕೆ ಕೊಟ್ಟ ಮುಖ್ಯ ಕಾರಣವೇ ಅಲ್ಲಿಯ ಬೆರಕೆ.

ಆ ಚಿನ್ನದ ಮೊಸಾಯಿಕ್ ಮಾಡುವ ಬಗೆ ತಿಳಿದರೆ ನೋಡುವ ಕಣ್ಣೇ ಬದಲಾಗುತ್ತದೆ. ಗಾಜಿನ ತಳದ ಮೇಲೆ ಉಸಿರಿಗೆ ಹಾರುವಷ್ಟು ತೆಳುವಾದ ಚಿನ್ನದ ತಗಡು ಹಾಸಿ, ಮೇಲೆ ಇನ್ನೊಂದು ತೆಳು ಗಾಜಿನ ಪದರ ಬೆಸೆಯುತ್ತಾರೆ. ಆಮೇಲೆ ಅದನ್ನು ಉಗುರಿನಷ್ಟು ಸಣ್ಣ ಚೌಕಗಳಾಗಿ ಒಡೆಯುತ್ತಾರೆ. ಹಸಿ ಗಾರೆಯ ಮೇಲೆ ಒಂದೊಂದಾಗಿ ಒತ್ತುವಾಗ ಎಲ್ಲವನ್ನೂ ಒಂದೇ ಮಟ್ಟಕ್ಕೆ ಕೂರಿಸುವುದಿಲ್ಲ. ಒಂದನ್ನು ಚೂರು ಎಡಕ್ಕೆ, ಒಂದನ್ನು ಚೂರು ಕೆಳಕ್ಕೆ ಓರೆ ಮಾಡಿ ಕೂರಿಸುತ್ತಾರೆ. ನೋಡುವವರು ಒಂದು ಹೆಜ್ಜೆ ಸರಿದರೆ ಬೆಳಕು ಬೇರೆ ಚೌಕಕ್ಕೆ ಜಿಗಿಯುತ್ತದೆ. ಇಡೀ ಗೋಡೆ ಮಿಸುಕಿದಂತೆ ಕಾಣುವುದು ಈ ಕಾರಣಕ್ಕೆ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವರ ಕಿರೀಟ, ಪ್ರಭಾವಳಿಗಳನ್ನು ಅಂಟು ಲೇಪದಿಂದ ತುಸು ಉಬ್ಬಿಸಿ ಚಿನ್ನದ ರೇಕು ಕೂರಿಸುವವರಿಗೆ ಈ ಉಪಾಯ ಥಟ್ಟನೆ ಅರ್ಥವಾಗುತ್ತದೆ. ಚಿನ್ನ ಸಮತಟ್ಟಾಗಿದ್ದರೆ ಸತ್ತಂತೆ ಕಾಣುತ್ತದೆ, ಏರುತಗ್ಗಿದ್ದರೆ ದೀಪದ ಬೆಳಕಿಗೆ ಜೀವ ಬರುತ್ತದೆ.

ಪಲೆರ್ಮೊಗೆ ಹೋಗಲಾರದವರು ಮಂಗಳೂರಿಗೆ ಹೋಗಬಹುದು. ಅಲ್ಲಿಯ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಮೊಸಾಯಿಕ್ ಇಲ್ಲ, ಚಿತ್ರಗಳಿವೆ. ಆದರೆ ಇಡೀ ಒಳಮೈಯನ್ನು ಒಬ್ಬನೇ ಮನುಷ್ಯ ಕಥೆಯಿಂದ ತುಂಬಿಸಿದ ಇನ್ನೊಂದು ಉದಾಹರಣೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಇಟಲಿಯ ಬೆರ್ಗಾಮೊ ಹತ್ತಿರದ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಆಂಟೋನಿಯೊ ಮೊಸ್ಕೇನಿ, ಜೆಸ್ಯೂಟ್ ಬ್ರದರ್ ಆಗಿ ಮಂಗಳೂರಿಗೆ ಬಂದರು. 1899ರಿಂದ 1901ರವರೆಗೆ ಗೋಡೆ, ಚಾವಣಿ, ಕಮಾನುಗಳ ಮೇಲೆ ಕೆಲಸ ಮಾಡಿದರು. ಹಸಿ ಸುಣ್ಣದ ಗಾರೆ ಒಣಗುವ ಮುನ್ನವೇ ಅದರ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೊ ಪದ್ಧತಿ ಅವರದು, ಕೆಲವು ಕಡೆ ಕ್ಯಾನ್ವಾಸಿನ ಮೇಲೆ ತೈಲವರ್ಣ. ಬಣ್ಣ ಗಾರೆಯೊಳಗೇ ಇಳಿದು ಗಟ್ಟಿಯಾಗುವುದರಿಂದ ಅಳಿಸಿ ತಿದ್ದಲು ಅವಕಾಶವಿಲ್ಲ, ದಿನಕ್ಕೆ ಎಷ್ಟು ಬಿಡಿಸಲು ಸಾಧ್ಯವೋ ಅಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು. ಚಾವಣಿಯಲ್ಲಿರುವುದು ಅಲೋಶಿಯಸ್ ಗೊಂಜಾಗನ ಬದುಕು. ಶ್ರೀಮಂತ ಮನೆತನದ ಹಕ್ಕು ಬಿಟ್ಟುಕೊಟ್ಟು, ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ನಿಂತು, 1591ರಲ್ಲಿ 23ರ ಹರೆಯದಲ್ಲಿ ತೀರಿಕೊಂಡವನು ಅವನು. ಮೊಸ್ಕೇನಿ ತಾವೂ ಊರಿಗೆ ಮರಳಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ಕಣ್ಣುಮುಚ್ಚಿದರು. ಕರಾವಳಿಯ ಮಳೆಗೂ ಉಪ್ಪುಗಾಳಿಗೂ ಬಣ್ಣ ಮಂಕಾದಾಗ 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಪರಿಣತರು ಕೂತು ಸರಿಪಡಿಸಿದರು. ಮನಸ್ಸು ಮಾಡಿದರೆ ಉಳಿಸಿಕೊಳ್ಳಬಹುದು ಎನ್ನುವುದಕ್ಕೆ ಅದು ಕಣ್ಣೆದುರಿನ ಸಾಕ್ಷಿ.

ಮಂಗಳೂರು ಎಂದಾಗ ಹಂಚು ಮರೆಯುವ ಹಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಕೆಂಪು ಹಂಚು ಚರ್ಚುಗಳ ಮೇಲೂ ಮನೆಗಳ ಮೇಲೂ ಶಾಲೆ, ರೈಲು ನಿಲ್ದಾಣಗಳ ಮೇಲೂ ಹರಡಿ ಕನ್ನಡನಾಡಿನ ಅರ್ಧ ನೋಟವನ್ನೇ ರೂಪಿಸಿತು. ಹೊಳಲ್ಕೆರೆ ಸೀಮೆಯ ಹಳೆಯ ಹಂಚಿನ ಮನೆಯ ಮಾಡನ್ನು ಯಾರೂ ಪರದೇಶಿ ಎನ್ನುವುದಿಲ್ಲ.

ಒಂದು ಆಕ್ಷೇಪಕ್ಕೆ ಇಲ್ಲಿ ನೇರ ಉತ್ತರ ಕೊಡಬೇಕು. ಈ ಬೆರಕೆಯೆಲ್ಲ ಪ್ರೀತಿಯಿಂದ ಆದದ್ದೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಿಸಿಲಿಯನ್ನು ನಾರ್ಮನ್ನರು ಗೆದ್ದದ್ದು ಕತ್ತಿಯಿಂದ. ರೋಜರನ ಮೊಮ್ಮಕ್ಕಳ ಕಾಲಕ್ಕೆ ಅಲ್ಲಿಯ ಮುಸ್ಲಿಮರ ನೆಮ್ಮದಿ ಕೆಟ್ಟಿತ್ತು. ನಮ್ಮಲ್ಲೂ ಚರಿತ್ರೆ ಸುಲಭದ್ದಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಹಿಡಿದಾಗ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1784ರಲ್ಲಿ ಟಿಪ್ಪು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಅದೇ ಊರಿಗೆ ಸೆರೆಯಾಗಿ ನಡೆಸಿದ, ಅವರ ಚರ್ಚುಗಳು ನೆಲಸಮವಾದವು. ಗೋವೆಯಲ್ಲಿ ಪೋರ್ಚುಗೀಸರು ದೇಗುಲಗಳನ್ನು ಕೆಡವಿದರು. ಇದನ್ನೆಲ್ಲ ಮುಚ್ಚಿಟ್ಟು ಪರಂಪರೆಯ ಮಾತಾಡುವುದು ಸಲ್ಲದು. ಕಟ್ಟಡ ನೋಡುವುದೆಂದರೆ ಅದನ್ನು ಕಟ್ಟಿದವರ ಅಧಿಕಾರವನ್ನೂ ಅದರ ಅಡಿಯಲ್ಲಿ ನರಳಿದವರನ್ನೂ ಸೇರಿಸಿ ನೋಡುವುದು. ಆದರೆ ಅದೇ ಅಳತೆಗೋಲು ಎಲ್ಲ ಕೋಟೆ, ಎಲ್ಲ ಅರಮನೆ, ಎಲ್ಲ ಗುಡಿಗಳಿಗೂ ಅನ್ವಯಿಸಬೇಕು. ಚಿತ್ರದುರ್ಗದ ಕೋಟೆಗೆ ಪಾಳೆಯಗಾರರು ಕಟ್ಟಿದ ಸುತ್ತುಗಳಿವೆ, ಹೈದರ್ ಮತ್ತು ಟಿಪ್ಪು ಸೇರಿಸಿದ ಭಾಗಗಳಿವೆ. ಕೋಟೆಯನ್ನು ಪ್ರೀತಿಸುವವರು ಅದನ್ನು ತುಂಡು ತುಂಡಾಗಿ ಪ್ರೀತಿಸುವುದಿಲ್ಲ.

ಮೈಸೂರು, ಮಂಗಳೂರು ದೂರವೆನ್ನುವವರಿಗೆ ಹತ್ತಿರದಲ್ಲೂ ನೋಡುವಂಥ ಚರ್ಚುಗಳಿವೆ. ಚಿತ್ರದುರ್ಗ ಜಿಲ್ಲೆಯ ಕೆಥೊಲಿಕರು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದವರು. 1988ರಲ್ಲಿ ರೂಪುಗೊಂಡ ಈ ಪ್ರಾಂತ್ಯದಲ್ಲಿ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿವೆ. ಶಿವಮೊಗ್ಗ ಪೇಟೆಯ ನಡುವಿನ ಪವಿತ್ರ ಹೃದಯ ಕ್ಯಾಥೆಡ್ರಲ್ ಹೆಚ್ಚು ಹಳೆಯದಲ್ಲ. ಆದರೆ ರೋಮನ್ ಮತ್ತು ಗಾಥಿಕ್ ಶೈಲಿಗಳನ್ನು ಕೂಡಿಸಿ ಕಟ್ಟಿದ್ದು, ಸಾವಿರಾರು ಜನ ಒಟ್ಟಿಗೆ ಕೂರಬಹುದಾದ ದೊಡ್ಡ ಪ್ರಾರ್ಥನಾ ಸಭಾಂಗಣ ಅದರದು. ಹೊಳಲ್ಕೆರೆಯವರಿಗೆ ಮೈಸೂರಿಗಿಂತ ಅದೇ ಹತ್ತಿರ. ಅರ್ಧವೃತ್ತದ ಕಮಾನು ಯಾವುದು, ಚೂಪು ಕಮಾನು ಯಾವುದು ಎಂದು ಮಕ್ಕಳೇ ಬೆರಳಿಟ್ಟು ಹೇಳುವ ಆಟವನ್ನು ಅಲ್ಲಿ ಆಡಿಸಬಹುದು.

ಇನ್ನೂ ಅಪರೂಪದ್ದು ಹರಿಹರ. ಊರಿನ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಒಳಗಿನ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಶೈವ ವೈಷ್ಣವ ಜಗಳದ ಕಾಲದಲ್ಲಿ ಎರಡನ್ನೂ ಒಂದೇ ಕಲ್ಲಿನಲ್ಲಿ ಕಡೆದ ಊರು ಅದು. ಅದೇ ಊರಿನ ಆರೋಗ್ಯ ಮಾತೆಯ ಚರ್ಚಿಗೆ 2022ರಲ್ಲಿ ಮೈನರ್ ಬೆಸಿಲಿಕಾ ಎಂಬ ಗೌರವ ಸಿಕ್ಕಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಸುತ್ತಲ ಜಿಲ್ಲೆಗಳಿಂದ ಬರುವವರಲ್ಲಿ ಎಲ್ಲ ಜಾತಿ ಮತದವರಿದ್ದಾರೆ. ಹೊರಕೆರೆದೇವಪುರದ ಲಕ್ಷ್ಮೀನರಸಿಂಹನ ಗುಡಿಯ ನೆರಳಲ್ಲಿ ಬೆಳೆದ ಮಕ್ಕಳಿಗೆ ಹರಕೆ, ತೇರು, ಪ್ರಸಾದ ಗೊತ್ತು. ಹರಿಹರದ ಚರ್ಚಿನಲ್ಲಿ ಮೇಣದಬತ್ತಿ ಹಿಡಿದು ನಿಂತವರ ಮುಖ ನೋಡಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಒಂದೇ ದಿನದಲ್ಲಿ ದೇವಾಲಯವನ್ನೂ ಬೆಸಿಲಿಕಾವನ್ನೂ ನೋಡಿ ಸಂಜೆಗೆ ಮನೆ ಸೇರುವಷ್ಟು ಹತ್ತಿರದ ಪ್ರವಾಸ ಅದು. ಮೈಸೂರಿಗೆ ಹೋಗಲು ಹಣ ಸಾಲದ ಶಾಲೆಗಳಿಗೂ ಎಟಕುತ್ತದೆ.

ಬೆರಕೆ ಎಂದರೆ ಕಟ್ಟಡವೊಂದೇ ಅಲ್ಲ. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಜೆಸ್ಯೂಟ್ ಪಾದ್ರಿಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ವಿರಕ್ತ ಮಠದ ರೀತಿಯಲ್ಲಿ ಬದುಕಿದ್ದನ್ನು ಜನ ನೋಡಿದ್ದಾರೆ. ವಿರಕ್ತ ಮಠಗಳನ್ನು ತಲೆಮಾರುಗಳಿಂದ ಬಲ್ಲ ಚಿತ್ರದುರ್ಗದವರಿಗೆ ಅದರಲ್ಲಿ ಕೌತುಕವೂ ಇದೆ, ಪರಿಚಯವೂ ಇದೆ.

ಇಷ್ಟೆಲ್ಲ ಇದ್ದೂ ಕಣ್ಣೆದುರೇ ಒಂದು ಚರ್ಚು ಕರಗುತ್ತಿದೆ. ಹಾಸನದ ಬಳಿಯ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದರು. ಈ ಸೀಮೆಯಲ್ಲಿ ಅವರಿಗಿಂತ ಮೊದಲು ಓಡಾಡಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬಂದು, ಕಂಗೆಟ್ಟ ಕ್ರೈಸ್ತ ಕುಟುಂಬಗಳನ್ನು ಒಂದೆಡೆ ನೆಲೆ ನಿಲ್ಲಿಸಿ ಬೇಸಾಯಕ್ಕೆ ಹಚ್ಚಿದವರು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಸುತ್ತಿದವರು. ರೋಸರಿ ಚರ್ಚಿನ ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂಬ ಮಾತು ಸುತ್ತಲ ಹಳ್ಳಿಗಳಲ್ಲಿದೆ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಎದ್ದಾಗ ಊರು ಖಾಲಿಯಾಯಿತು, ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಪೂರ್ತಿ ಹೊರಬರುತ್ತದೆ. ಚಾವಣಿ ಇಲ್ಲ, ಕಮಾನುಗಳು ಮಾತ್ರ ಉಳಿದಿವೆ. ಸುಣ್ಣದ ಗಾರೆ ವರ್ಷ ವರ್ಷವೂ ನೆನೆದು ಒಣಗಿದರೆ ಸಡಿಲಾಗುತ್ತದೆ. ಗೋಡೆಯ ಭಾಗಗಳು ಆಗಲೇ ಕುಸಿದಿವೆ. ಅದು ಈಗ ಮದುವೆಗೆ ಮುಂಚಿನ ಫೋಟೊಗಳಿಗೂ ಸಿನಿಮಾ ಚಿತ್ರೀಕರಣಕ್ಕೂ ಹೆಸರಾದ ಜಾಗ. ಅಲ್ಲಿಗೆ ಬಂದವರು ಗೋಡೆಯ ಮೇಲೆ ಹತ್ತುತ್ತಾರೆ, ಹೆಸರು ಕೆತ್ತುತ್ತಾರೆ.

ಈ ಚರ್ಚನ್ನು ನೀರಿನಿಂದ ಎತ್ತಿ ಬೇರೆ ಕಡೆ ಇಡುವುದು ಸಾಧ್ಯವೇ ಎಂಬ ಚರ್ಚೆ ಆಮೇಲೆ ಆಗಲಿ. ಈಗಿಂದೀಗಲೇ ಆಗಬಹುದಾದ ಕೆಲಸಗಳಿವೆ. ನೀರು ಇಳಿದ ಬೇಸಿಗೆಯ ತಿಂಗಳುಗಳಲ್ಲಿ ಪ್ರತಿ ಕಮಾನು, ಪ್ರತಿ ಕಂಬವನ್ನು ಅಳೆದು ನಕ್ಷೆ ತೆಗೆಯಬೇಕು, ಲೇಸರ್ ಸ್ಕ್ಯಾನ್ ಮಾಡಬೇಕು. ಮೈಸೂರು, ಹಾಸನ, ದಾವಣಗೆರೆಯ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಸಿಗದು. ಗಾರೆಯ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರೆ ಬೆಲ್ಲ, ಮೊಟ್ಟೆಯ ಮಾತು ಎಷ್ಟು ನಿಜ ಎನ್ನುವುದೂ ಗೊತ್ತಾಗುತ್ತದೆ. ಸಡಿಲ ಗೋಡೆಗಳ ಮೇಲೆ ಹತ್ತದಂತೆ ಕಾವಲು ಬೇಕು. ಸ್ಮಾರಕಗಳನ್ನು ಕಾಯಲೆಂದು ರಾಜ್ಯದಲ್ಲಿ 1961ರ ಕಾಯ್ದೆಯಿದೆ, ಅದಕ್ಕೊಂದು ಇಲಾಖೆಯಿದೆ.

ಫಿಲೋಮಿನಾದಲ್ಲಿ ಬೇಕಾದದ್ದು ಇನ್ನೂ ಸುಲಭ. ಪ್ರವಾಸಿಗರ ಕೈಗೆ ಕನ್ನಡದ ಒಂದು ಹಾಳೆ. ಕಮಾನಿನ ಚಿತ್ರ, ಕಿಟಕಿಗಳಲ್ಲಿರುವ ಐದು ಕಥೆಗಳ ಹೆಸರು, 1843ರ ಶಾಸನದ ತಾತ್ಪರ್ಯ, ನೆಲಮಾಳಿಗೆಯ ಹುಡುಗಿಯ ಮೂರು ಹಂಚುಗಳ ಕಥೆ. ಒಳಗೆ ಪ್ರಾರ್ಥನೆ ನಡೆಯುವ ಹೊತ್ತು ಯಾವುದು, ಆಗ ಹೇಗೆ ನಡೆದುಕೊಳ್ಳಬೇಕು ಎಂಬ ಎರಡು ಸಾಲು. ಚರ್ಚಿನವರು, ಪ್ರವಾಸೋದ್ಯಮ ಇಲಾಖೆ, ಶಿಕ್ಷಣ ಇಲಾಖೆ ಒಂದು ಮೇಜಿನ ಸುತ್ತ ಕೂತರೆ ಮುಂದಿನ ಡಿಸೆಂಬರ್ ಒಳಗೆ ಅದು ಅಚ್ಚಾಗಿ ಶಾಲೆಗಳಿಗೆ ತಲುಪಬಹುದು. ಮೇಷ್ಟ್ರು ಹೊರಡುವ ಹಿಂದಿನ ದಿನ ತರಗತಿಯಲ್ಲೇ ಅದನ್ನು ಓದಿಸಲಿ. ಪ್ರವಾಸದ ಪಟ್ಟಿಯಲ್ಲಿ ಚರ್ಚಿನ ಎದುರು ಒಂದು ಗಂಟೆ ಎಂದು ಬರೆಯಲಿ. ಆ ಹೊತ್ತನ್ನು ಬೃಂದಾವನದ ಕಾರಂಜಿಯಿಂದ ಕಡಿತ ಮಾಡಿದರೂ ನಡೆಯುತ್ತದೆ.